ರಾತ್ರಿ ಲೆನ್ಸ್‌ಗೆ ಮುಂಚೆ ನೀರಿನ ವಿಚಾರ

"ರಾತ್ರಿ ಲೆನ್ಸ್ ಹಾಕ್ಕೊಂಡು ಮಲಗಿದ್ರೆ ಹಗಲು ಚಸ್ಮಾನೇ ಬೇಡಂತೆ, ಹೌದೇನ್ರಿ ಡಾಕ್ಟ್ರೇ?" ಬಳ್ಳಾರಿಯಲ್ಲಿ ಈಗ ಪಾಲಕರು ಹೀಗೆ ಕೇಳುವುದು ಜಾಸ್ತಿಯಾಗಿದೆ. ಹೌದು, ನಿಜವೇ. ಇದನ್ನು ಆರ್ಥೋ-ಕೆ ಎನ್ನುತ್ತಾರೆ. ಗಾಳಿಯಾಡುವ ಗಟ್ಟಿ ಲೆನ್ಸ್ ಇದು. ಮಗು ನಿದ್ದೆಯಲ್ಲಿದ್ದಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡುತ್ತದೆ. ಬೆಳಿಗ್ಗೆ ತೆಗೆದರೆ ಶಾಲೆಯ ಬೋರ್ಡ್ ಚೆನ್ನಾಗಿ ಕಾಣುತ್ತದೆ. ಹಗಲು ಕಣ್ಣಲ್ಲಿ ಲೆನ್ಸ್ ಇರುವುದಿಲ್ಲ, ಹಾಗಾಗಿ ನಮ್ಮೂರ ಧೂಳಿನ ಕಾಟವೂ ಇಲ್ಲ. ಹಾಕುವುದು ಬಿಟ್ಟರೆ ಮಾತ್ರ ಹಳೇ ನಂಬರ್ ವಾಪಸ್ ಬರುತ್ತದೆ.

ಚಸ್ಮಾ ತಪ್ಪುವುದು ಸಣ್ಣ ಲಾಭ. ದೊಡ್ಡ ಲಾಭ ಬೇರೆ ಇದೆ. ಸಮೀಪದೃಷ್ಟಿಯ, ಅಂದರೆ ದೂರದ್ದು ಮಸುಕಾಗಿ ಕಾಣುವ ಮಕ್ಕಳಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತಾ ಹೋಗುತ್ತದೆ. ನಂಬರ್ ಮೈನಸ್ 6 ದಾಟಿದರೆ ಮುಂದೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಕಳಚುವ ಅಪಾಯ ಹೆಚ್ಚು. ಹಾಂಗ್‌ಕಾಂಗ್‌ನಲ್ಲಿ 2 ವರ್ಷ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ ಲೆನ್ಸ್ ಹಾಕಿದ ಮಕ್ಕಳ ಕಣ್ಣು ಉದ್ದವಾಗುವ ವೇಗ ಚಸ್ಮಾದ ಮಕ್ಕಳಿಗಿಂತ ಶೇ 43ರಷ್ಟು ಕಡಿಮೆ ಇತ್ತು.

ಆದರೂ ಕೇಳಿದವರಿಗೆಲ್ಲ ನಾನು ಬರೆದುಕೊಡುವುದಿಲ್ಲ. ಮೊದಲು ಕೇಳುವುದು, "ಲೆನ್ಸ್ ತೊಳೆಯೋರು ಯಾರು? ಯಾವುದರಲ್ಲಿ?" ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಸಂಪು, ಡ್ರಮ್ಮು, ಟ್ಯಾಂಕಿನಲ್ಲಿ ತುಂಬಿಸಿಟ್ಟದ್ದೇ ಗತಿ. ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸ್‌ಗೆ ಅಂಟಿ, ಮುಚ್ಚಿದ ರೆಪ್ಪೆಯ ಕೆಳಗೆ ರಾತ್ರಿಯಿಡೀ ಕೂತರೆ ಕಾರ್ನಿಯಾದಲ್ಲಿ ಹುಣ್ಣಾಗಬಹುದು. ತಿಂಗಳುಗಟ್ಟಲೆ ಔಷಧಿ ಹಾಕಬೇಕು. ವಾಸಿಯಾದ ಮೇಲೂ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

"ಫಿಲ್ಟರ್ ನೀರು ನಡೀತೈತಲ್ರಿ?" ನಡೆಯುವುದಿಲ್ಲ. ಕುದಿಸಿ ಆರಿಸಿದ್ದೂ ಬೇಡ. ಲೆನ್ಸ್‌ಗೂ ಅದರ ಡಬ್ಬಿಗೂ ವೈದ್ಯರು ಹೇಳಿದ ದ್ರಾವಣವೇ ಆಗಬೇಕು. ಕೈಯನ್ನು ಸೋಪಿನಿಂದ ತೊಳೆದು, ಒಣಗಿದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಜಾತ್ರೆಗೋ ಮದುವೆಗೋ ಹೋದಾಗ ದ್ರಾವಣ ಮರೆತಿರಾ? ಆ ರಾತ್ರಿ ಲೆನ್ಸ್ ಹಾಕಬೇಡಿ. ಮಾರನೇ ದಿನ ಸ್ವಲ್ಪ ಮಸುಕು ಕಂಡೀತು, ಅಷ್ಟೇ.

ಇಷ್ಟು ಶಿಸ್ತು ಮನೆಯಲ್ಲಿ ಕಷ್ಟ ಅನ್ನಿಸಿದರೆ ಸುಮ್ನೆ ಹಟ ಬೇಡ. ನಂಬರ್ ಏರುವುದನ್ನು ನಿಧಾನ ಮಾಡಲು ಕಡಿಮೆ ಪ್ರಮಾಣದ ಅಟ್ರೊಪಿನ್ ಹನಿ ಇದೆ, ಅದಕ್ಕೆಂದೇ ಮಾಡಿದ ಚಸ್ಮಾಗಳೂ ಇವೆ. ಯಾವುದನ್ನೇ ಆರಿಸಿದರೂ ಮಗು ದಿನಕ್ಕೆ 2 ತಾಸು ಬಯಲಲ್ಲಿ ಆಡಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ, ಸಂಜೆ ಬಿಸಿಲು ತಗ್ಗಿದ ಮೇಲೆ.

ಲೆನ್ಸ್ ಹಾಕುವ ಮಗುವಿನ ಕಣ್ಣು ಕೆಂಪಾದರೆ, ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಲೆನ್ಸ್ ನಿಲ್ಲಿಸಿ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ತಗ್ಗಿದಂತೆ ಕಂಡು, ಒಳಗೆ ಸೋಂಕು ಬೆಳೆಯುತ್ತದೆ.