ಹತ್ತು ಜನ ಸೇರದಿದ್ದರೆ ಸಿನಗಾಗ್‌ನಲ್ಲಿ ಪ್ರಾರ್ಥನೆ ನಡೆಯುವುದಿಲ್ಲವೇ?

ಪ್ರಶ್ನೆ: ಮುಂಬೈಯ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಗೆಳೆಯರೊಬ್ಬರು ಶುಕ್ರವಾರ ಸಂಜೆ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಬರಲು ಕರೆದಿದ್ದಾರೆ. ‘ಹತ್ತು ಜನ ಆಗಬೇಕು’ ಎಂದು ಆಗಾಗ ಪೇಚಾಡುತ್ತಿರುತ್ತಾರೆ. ನಾನು ಹೋದರೆ ಲೆಕ್ಕಕ್ಕೆ ಬರುತ್ತೇನೆಯೇ? ಹತ್ತಾಗದಿದ್ದರೆ ಏನು ಮಾಡುತ್ತಾರೆ?

ಉತ್ತರ: ಪ್ರಾರ್ಥನೆ ನಡೆಯುತ್ತದೆ, ಪೂರ್ತಿಯಾಗಿ ನಡೆಯುವುದಿಲ್ಲ. ಯಹೂದಿಯಲ್ಲದವರು ಆ ಹತ್ತರಲ್ಲಿ ಸೇರುವುದಿಲ್ಲ. ಹಾಗೆಂದು ಹೋಗದೆ ಇರಬೇಡಿ. ಕರೆದವರಿಗೂ ಇದು ಗೊತ್ತಿದ್ದೇ ಕರೆದಿರುತ್ತಾರೆ.

ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಕಾನಾನ್ ದೇಶ ನೋಡಿಬರಲು ಮೋಶೆ ಕಳಿಸಿದ ಹನ್ನೆರಡು ಜನರಲ್ಲಿ ಯೆಹೋಶುವ, ಕಾಲೇಬರನ್ನು ಬಿಟ್ಟು ಉಳಿದ ಹತ್ತು ಮಂದಿಯನ್ನು ಯಹೂದಿ ಧರ್ಮಗ್ರಂಥ ತೋರಾ ‘ಸಭೆ’ ಎಂದು ಕರೆದಿದೆ. ಧರ್ಮಶಾಸ್ತ್ರ ಚರ್ಚೆಗಳ ಗ್ರಂಥ ತಾಲ್ಮೂದ್ ಅದನ್ನೇ ಆಧಾರವಾಗಿ ಹಿಡಿದಿದೆ. ಚಾಡಿ ಹೇಳಿ ಜನರನ್ನು ಹೆದರಿಸಿದ ಹತ್ತು ಜನರಿಂದಲೇ ಪ್ರಾರ್ಥನಾ ಸಭೆಯ ಅಳತೆ ಸಿಕ್ಕಿತು ಎನ್ನುವುದು ಒಂದು ತಮಾಷೆ.

ಸಾಂಪ್ರದಾಯಿಕ ಸಭೆಗಳಲ್ಲಿ 13 ತುಂಬಿದ ಯಹೂದಿ ಗಂಡಸರಷ್ಟೇ ಲೆಕ್ಕ. ಅಮೆರಿಕದ ಕನ್ಸರ್ವೇಟಿವ್ ಪಂಥ 1973ರಲ್ಲಿ ಹೆಂಗಸರನ್ನೂ ಎಣಿಸಲು ಒಪ್ಪಿಗೆ ಕೊಟ್ಟಿತು. ದೆಹಲಿಯ ಹುಮಾಯೂನ್ ರಸ್ತೆಯ ಜುದಾ ಹ್ಯಾಮ್ ಸಿನಗಾಗ್‌ನಲ್ಲೂ ಹೆಂಗಸರನ್ನು ಎಣಿಸುತ್ತಾರೆ. ಎಣಿಸುವಾಗ ಜನರತ್ತ ಬೆರಳು ತೋರಿಸಿ ಒಂದು, ಎರಡು ಎನ್ನುವಂತಿಲ್ಲ. ಹೀಬ್ರೂ ಬೈಬಲಿನ 28ನೇ ಕೀರ್ತನೆಯ ಕೊನೆಯ ವಚನದಲ್ಲಿ ಹೀಬ್ರೂವಿನ ಹತ್ತೇ ಪದಗಳಿವೆ. ತಲೆಗೊಂದು ಪದ ಹೇಳುತ್ತಾ ಹೋಗುತ್ತಾರೆ, ವಚನ ಮುಗಿದರೆ ಮಿನ್ಯಾನ್ ಆಯಿತು. ಕಿಟಕಿಯ ಹೊರಗೆ ನಿಂತು ಒಳಗೆ ಮುಖ ತೋರಿಸುವವನೂ ಸೇರುತ್ತಾನೆ. ಬೆಂಚಿನ ಮೇಲೆ ತೂಕಡಿಸುವವನನ್ನೂ, ಒಬ್ಬನಾದರೆ, ಎಣಿಸಬಹುದು ಎನ್ನುತ್ತದೆ ಶುಲ್ಖನ್ ಆರೂಖ್ ಎಂಬ ನಿಯಮಗ್ರಂಥ. ವಿಡಿಯೊ ಕರೆಯಲ್ಲಿ ಇರುವವನನ್ನು ಮಾತ್ರ ಸಾಂಪ್ರದಾಯಿಕ ಸಭೆಗಳು ಎಣಿಸುವುದಿಲ್ಲ. ಒಂದೇ ಕಡೆ ಹತ್ತು ಜನ ಸೇರಿದ್ದರೆ, ದೂರದಿಂದ ಕೇಳುವವನು ಆಮೆನ್ ಹೇಳಬಹುದು ಅಷ್ಟೆ.

ಇನ್ನು, ಒಂಬತ್ತೇ ಜನ ಬಂದರೆ? ಶುಕ್ರವಾರ ಸಂಜೆ ಕೀರ್ತನೆಗಳು, ಲೆಖಾ ದೋದಿ ಹಾಡು, ದೇವರು ಒಬ್ಬನೇ ಎಂದು ಸಾರುವ ಶೆಮಾ, ನಿಂತು ಮೆಲುದನಿಯಲ್ಲಿ ಹೇಳುವ ಮುಖ್ಯ ಪ್ರಾರ್ಥನೆ ಅಮಿದಾ, ಎಲ್ಲವೂ ಉಂಟು. ಸಭೆಯನ್ನು ಕರೆಯುವ ಬರಖು, ಅಮಿದಾದ ನಂತರದ ಮಾಗೇನ್ ಆವೋತ್ ಎಂಬ ಪ್ರಾರ್ಥನೆ, ಕದ್ದಿಶ್ ಬಿಟ್ಟುಹೋಗುತ್ತವೆ. ಶನಿವಾರ ಬೆಳಿಗ್ಗೆಯಾದರೆ ನಷ್ಟ ಇನ್ನೂ ದೊಡ್ಡದು: ಅಮಿದಾದ ಪುನರುಚ್ಚಾರ, ಅದರೊಳಗಿನ ಕೆದುಶಾ ಎಂಬ ಸ್ತುತಿ, ತೋರಾ ಸುರುಳಿಯ ವಾಚನ ಎಲ್ಲ ನಿಂತುಹೋಗುತ್ತವೆ. ಆಗ ಮುದ್ರಿತ ಪುಸ್ತಕದಿಂದ ವಾರದ ಭಾಗವನ್ನು ಆಶೀರ್ವಚನವಿಲ್ಲದೆ ಓದಿಕೊಳ್ಳುತ್ತಾರೆ.

ಇವುಗಳಲ್ಲಿ ಜನರ ಮನಸ್ಸಿಗೆ ನಾಟುವುದು ಕದ್ದಿಶ್. ತಂದೆ ಅಥವಾ ತಾಯಿ ತೀರಿಕೊಂಡವರು 11 ತಿಂಗಳು, ಆಮೇಲೆ ಪ್ರತಿ ವರ್ಷ ಪುಣ್ಯತಿಥಿಯಂದು ಹೇಳುವ ಪ್ರಾರ್ಥನೆ ಅದು. ಕೇಳಿ ಆಮೆನ್ ಎನ್ನುವ ಸಭೆ ಇಲ್ಲದಿದ್ದರೆ ಹೇಳುವಂತಿಲ್ಲ. ನಿಮ್ಮ ಗೆಳೆಯರ ಪೇಚಾಟಕ್ಕೆ ಬಹುಶಃ ಇದೇ ಕಾರಣ. 1948ರ ನಂತರ ಬೆನೆ ಇಸ್ರೇಲಿನ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಕಟ್ಟಡಗಳು ಉಳಿದವು, ಬೆಂಚುಗಳು ಖಾಲಿಯಾದವು. ಕೊಚ್ಚಿಯ 1568ರ ಪರದೇಸಿ ಸಿನಗಾಗ್‌ನಲ್ಲಿ ಮಿನ್ಯಾನ್ ಆಗಬೇಕಾದರೆ ಪ್ರವಾಸಿ ಯಹೂದಿಗಳು ಬರಬೇಕು. (ಮುಂಬೈಯ ಅತಿ ಹಳೆಯ ಸಿನಗಾಗ್, 1796ರ ಶಾಆರ್ ಹಾರಹಮೀಮ್‌ಗೆ ನಮ್ಮ ಮೈಸೂರಿನ ನಂಟಿದೆ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಸ್ಯಾಮುವೆಲ್ ದಿವೇಕರ್ ಕೃತಜ್ಞತೆಯಿಂದ ಕಟ್ಟಿಸಿದ್ದು ಎಂಬುದು ಸಮುದಾಯದ ಹೇಳಿಕೆ.)

ಸಣ್ಣ ಸಭೆ ನಡೆಸುವವರ ಕೆಲಸ ಗುರುವಾರವೇ ಶುರುವಾಗುತ್ತದೆ. ಶುಕ್ರವಾರ ಸೂರ್ಯಾಸ್ತಕ್ಕೆ ಶಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ ಶುರುವಾಗುತ್ತದೆ, ಆಮೇಲೆ ಧರ್ಮನಿಷ್ಠರ ಫೋನ್ ಬಂದ್. ‘ಎಲ್ಲಿದ್ದೀರಿ’ ಎಂದು ಕೇಳುವ ದಾರಿಯೇ ಇರುವುದಿಲ್ಲ. ‘ನೋಡೋಣ’ ಎಂದವರನ್ನು ಬಿಟ್ಟು, ‘ಬರುತ್ತೇನೆ’ ಎಂದವರೇ ಹನ್ನೆರಡು ಜನ ಇದ್ದರೆ ಧೈರ್ಯ. ಮಧ್ಯದಲ್ಲಿ ಯಾರಾದರೂ ಎದ್ದುಹೋದರೆ, ಆರು ಜನ ಉಳಿದಿರುವವರೆಗೆ, ಹತ್ತು ಜನರಿದ್ದಾಗ ಶುರುಮಾಡಿದ ಭಾಗವನ್ನು ಮುಗಿಸಬಹುದು. ಹೊಸದನ್ನು ಶುರುಮಾಡುವಂತಿಲ್ಲ. ಶನಿವಾರ ತೋರಾ ಓದಲು ಏಳು ಜನರನ್ನು ಕರೆಯಬೇಕು. ಮೊದಲ ಸರದಿ ಪುರೋಹಿತ ವಂಶದ ಕೊಹೇನನದು, ಎರಡನೆಯದು ದೇವಾಲಯ ಸೇವೆಯ ಕುಲದ ಲೇವಿಯದು. ಲೇವಿ ಇಲ್ಲದಿದ್ದರೆ ಅದೇ ಕೊಹೇನ್ ಎರಡು ಸಲ. ಕೊಹೇನನೇ ಇಲ್ಲದಿದ್ದರೆ ಆ ಜಾಗಕ್ಕೆ ಬೇರೊಬ್ಬರು.

ಈಗ ನಿಮ್ಮ ವಿಚಾರ. 2008ರ ಮುಂಬೈ ದಾಳಿಯ ನಂತರ ಭದ್ರತೆ ಬಿಗಿಯಾಗಿದೆ. ಗೆಳೆಯರಿಗೆ ಹೇಳಿ ಹೆಸರನ್ನು ಮುಂಚೆಯೇ ಕೊಡಿಸಿ, ಗುರುತಿನ ಚೀಟಿ ಜೊತೆಗಿರಲಿ. ಗಂಡಸರು ತಲೆ ಮುಚ್ಚಬೇಕು, ಟೋಪಿ ಬಾಗಿಲಲ್ಲೇ ಸಿಗುತ್ತದೆ. ಹೆಂಗಸರ ಆಸನ ಬೇರೆ. ಫೋಟೊ ಬೇಡ, ಪೆನ್ನೂ ಬೇಡ. ಲೆಖಾ ದೋದಿಯ ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗುತ್ತಾರೆ, ನೀವೂ ತಿರುಗಿ. ಅಮಿದಾ ಹೇಳುತ್ತ ನಿಂತವರ ಮುಂದೆ ಹಾದುಹೋಗಬೇಡಿ.

ಹೊಸಬರು ಎಡವುವುದು ಹೆಚ್ಚಾಗಿ ಉಪಕಾರ ಮಾಡಲು ಹೋಗಿಯೇ. ಆರಿರುವ ದೀಪ ಕಂಡು ಸ್ವಿಚ್ ಹಾಕಿಬಿಡುತ್ತಾರೆ. ಯಹೂದಿಗಳಿಗಾಗಿ ಬೇರೆಯವರು ಶಬ್ಬತ್‌ನಲ್ಲಿ ಹಚ್ಚಿದ ಬೆಳಕನ್ನು ಅವರು ಬಳಸುವಂತಿಲ್ಲ, ಎಲ್ಲರಿಗೂ ಮುಜುಗರ. ಮನೆಯಲ್ಲಿ ಮಾಡಿದ ಸಿಹಿಯನ್ನೂ ತರಬೇಡಿ, ಕೋಷರ್ ಎಂಬ ಯಹೂದಿ ಆಹಾರ ನಿಯಮಕ್ಕೆ ಹೊಂದುವುದಿಲ್ಲ. ಕೊನೆಯಲ್ಲಿ ಬಟ್ಟಲು ಹಿಡಿದು ಶಬ್ಬತ್ ಹರಸುವ ಕಿದ್ದುಶ್‌ಗೆ ನೆನೆಸಿದ ಕಪ್ಪು ಒಣದ್ರಾಕ್ಷಿಯ ಶರಬತ್ತು ಕೊಟ್ಟರೆ, ಆಶೀರ್ವಚನ ಮುಗಿದು ಹೇಳಿದವರು ಗುಟುಕರಿಸಿದ ಮೇಲೆ ಕುಡಿಯಿರಿ. ಏನಾದರೂ ಕೊಡಲೇಬೇಕು ಅನ್ನಿಸಿದರೆ ಹಣವನ್ನು ಅಂದು ಕೈಗೆ ಕೊಡಬೇಡಿ. ಭಾನುವಾರದ ಮೇಲೆ ಸಮಿತಿಗೆ ತಲುಪಿಸಿ.