ಧ್ರುವ ಪ್ರದೇಶವನ್ನು ದಾಟಿದ ದೈತ್ಯ ಇರುವೆ

ನಾಯಿ ಗಾತ್ರದ ಇರುವೆಯ ಚಿತ್ರಗಳು ಜಾಲತಾಣಗಳಲ್ಲಿ ಆಗಾಗ ಹರಿದಾಡುತ್ತವೆ. ಕಲ್ಪನೆಯೇನೂ ಹೊಸದಲ್ಲ: ಭಾರತದ ಮರಳುಗಾಡಿನಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನವನ್ನು ಅಗೆದು ಹೊರಹಾಕುತ್ತವೆಂದು ಹೆರೊಡೋಟಸ್ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲೇ ಬರೆದಿದ್ದ, ಮಹಾಭಾರತದ ಸಭಾಪರ್ವದಲ್ಲೂ ಯುಧಿಷ್ಠಿರನಿಗೆ ಕಾಣಿಕೆಯಾಗಿ ಬಂದ 'ಪಿಪೀಲಿಕ' ಚಿನ್ನದ ಮಾತಿದೆ. ಪುರಾವೆಯಿರುವ ದೈತ್ಯ ಇರುವೆಯಾದರೋ ನಮ್ಮ ಅಂಗೈಯಲ್ಲಿ ಹಿಡಿಸುವಷ್ಟರದು, ಮತ್ತು ನನಗೆ ಅದೇ ಹೆಚ್ಚು ಸ್ವಾರಸ್ಯಕರವಾಗಿ ಕಾಣುತ್ತದೆ.

ಜರ್ಮನಿಯ ಡಾರ್ಮ್‌ಸ್ಟಾಟ್ ಬಳಿಯ ಮೆಸೆಲ್ ಎಂಬಲ್ಲಿ, ಸುಮಾರು 4.7 ಕೋಟಿ ವರ್ಷಗಳ ಹಿಂದಿನ ಸರೋವರದ ಕೆಸರು ಗಟ್ಟಿಯಾಗಿ ಉಂಟಾದ ಶಿಲೆಯಲ್ಲಿ ಟೈಟಾನೋಮಿರ್ಮಾ ಜೈಜಾಂಟಿಯಾ ಎಂಬ, ಈಗ ಅಳಿದುಹೋಗಿರುವ ಇರುವೆಯ ರಾಣಿಯರು ಸಿಕ್ಕಿದ್ದಾರೆ. ದೇಹದ ಉದ್ದ ಸುಮಾರು 7 ಸೆಂ.ಮೀ., ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 15 ಸೆಂ.ಮೀ. ಇಂದಿನ ಅತಿ ದೊಡ್ಡ ರಾಣಿಯರಾದ ಆಫ್ರಿಕದ ಡೊರಿಲಸ್‌ಗಳು 5 ಸೆಂ.ಮೀ. ಆಸುಪಾಸಿನಲ್ಲೇ ನಿಲ್ಲುತ್ತವೆ. ಮೆಸೆಲ್‌ನ ಶಿಲೆ ಒಣಗಿದರೆ ಸೀಳಿ ಪುಡಿಯಾಗುವುದರಿಂದ ಅಲ್ಲಿನ ಕೀಟಗಳನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿ ಕಾಪಾಡುತ್ತಾರೆ. ಹಾರಾಟದ ಕಾಲದಲ್ಲಿ ನೀರಿಗೆ ಬಿದ್ದ ರೆಕ್ಕೆಯ ರಾಣಿಯರೂ ಗಂಡುಗಳೂ ಸಿಕ್ಕಿವೆಯೇ ಹೊರತು ಕೆಲಸಗಾರ ಇರುವೆ ಒಂದೂ ಸಿಕ್ಕಿಲ್ಲ.

ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದುದೇ ಇಂತಹ ಗಾತ್ರಕ್ಕೆ ಕಾರಣವೆಂದು ಹಲವರು ಹೇಳಿಬಿಡುತ್ತಾರೆ. ಆ ವಿವರಣೆ ಹುಟ್ಟಿದ್ದು 30 ಕೋಟಿ ವರ್ಷಗಳ ಹಿಂದಿನ ದೈತ್ಯ ಏರೋಪ್ಲೇನ್ ಚಿಟ್ಟೆಗಳ ಸಂಬಂಧಿಗಳಿಗಾಗಿ. ಇರುವೆಗಳ ಕುಲವೇ ಆಗ ಇರಲಿಲ್ಲ. ಇಲ್ಲಿ ನೋಡಬೇಕಾದದ್ದು ತಾಪಮಾನವನ್ನು. ಇಂದು 3 ಸೆಂ.ಮೀ. ಮೀರಿದ ರಾಣಿಯರಿರುವ ಇರುವೆಗಳು ಬಹುಪಾಲು ಉಷ್ಣವಲಯದಲ್ಲೇ ಬದುಕುತ್ತವೆ.

ಹಾಗಾದರೆ 2011ರಲ್ಲಿ ಪಳೆಯುಳಿಕೆ ತಜ್ಞ ಬ್ರೂಸ್ ಆರ್ಚಿಬಾಲ್ಡ್ ಮತ್ತು ಸಂಗಡಿಗರು ವಿವರಿಸಿದ, ಅದೇ ಕುಲದ 5 ಸೆಂ.ಮೀ. ಮೀರಿದ ಟೈಟಾನೋಮಿರ್ಮಾ ಲ್ಯೂಬಿಯೈ ಅಮೆರಿಕದ ವಯೋಮಿಂಗ್‌ನಲ್ಲಿ ಇದ್ದುದು ಹೇಗೆ? ಅಂದು ಯುರೋಪಿಗೂ ಉತ್ತರ ಅಮೆರಿಕಕ್ಕೂ ಆರ್ಕ್‌ಟಿಕ್ ಮೂಲಕ ನೆಲದ ಸಂಪರ್ಕವಿತ್ತು, ಆದರೆ ಉಷ್ಣಪ್ರಿಯ ಇರುವೆಗೆ ಅದು ತಂಪಿನ ದಾರಿ. ಭೂಮಿ ಅಲ್ಪಾವಧಿಗೆ ವಿಪರೀತ ಕಾದ ಘಟ್ಟಗಳಲ್ಲಿ ಮಾತ್ರ ಆ ದಾರಿ ತೆರೆದಿರಬೇಕೆಂದು ಅವರು ತರ್ಕಿಸಿದರು.

2023ರಲ್ಲಿ ವರದಿಯಾದ ಕೆನಡಾದ ಪ್ರಿನ್ಸ್‌ಟನ್ ಬಳಿಯ ಟೈಟಾನೋಮಿರ್ಮಾ ರಾಣಿಯ ಪಳೆಯುಳಿಕೆ ಈ ತರ್ಕವನ್ನು ಕೆಣಕಿತು, ಏಕೆಂದರೆ ಆ ಎತ್ತರದ ಪ್ರದೇಶ ಆಗಲೂ ತಂಪಾಗಿತ್ತು. ಹಿಟ್ಟಿನ ಮೇಲೆ ಒತ್ತಿದ ಅಚ್ಚು ಹಿಟ್ಟನ್ನು ಎಳೆದಾಗ ಹಿಗ್ಗುವಂತೆ, ಭೂಪದರದ ಒತ್ತಡಕ್ಕೆ ಈ ರಾಣಿಯ ಆಕಾರ ಕೆಟ್ಟಿದೆ. ಉದ್ದಕ್ಕೆ ಎಳೆದಿದ್ದರೆ ಮೂಲ ಗಾತ್ರ ಸುಮಾರು 3.3 ಸೆಂ.ಮೀ., ಅಗಲಕ್ಕೆ ಎಳೆದಿದ್ದರೆ ಸುಮಾರು 5 ಸೆಂ.ಮೀ. ಚಿಕ್ಕದೇ ನಿಜವಾದರೆ ದೈತ್ಯರಿಗೆ ತಂಪು ಒಗ್ಗದೆಂಬ ಮಾತು ಉಳಿಯುತ್ತದೆ. ದೊಡ್ಡದೇ ನಿಜವಾದರೆ ಧ್ರುವದ ದಾರಿ ಕಾದಾಗ ಮಾತ್ರ ತೆರೆಯುತ್ತಿತ್ತೆಂಬ ವಾದವನ್ನೇ ಕೈಬಿಡಬೇಕಾಗುತ್ತದೆ.