ಬಿಸಿಗಾಳಿ ಮೇಲೇರದ ಕಡೆ ಲ್ಯಾಪ್‌ಟಾಪ್

"ಸಾರ್, ತಾನಾಗೇ ಆಫ್ ಆಗುತ್ತೆ" ಎನ್ನುತ್ತಾ ಬರುವವರ ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಬಹಳ ಸಲ ಕಾಣುವುದು ಒಂದೇ: ಫ್ಯಾನಿಗೂ ಹೀಟ್‌ಸಿಂಕಿಗೂ (ಚಿಪ್ಪಿನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಭಾಗ) ನಡುವೆ ದೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿ ತುಂಡಿನಂತೆ ಕೂತಿರುತ್ತದೆ. ಚಿಮುಟದಲ್ಲಿ ಎಳೆದರೆ ಇಡಿಯಾಗಿ ಕಿತ್ತು ಬರುತ್ತದೆ. ಆಗೆಲ್ಲ ನನಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆನಪಾಗುತ್ತದೆ.

ಅಲ್ಲಿಗೆ ಹೋಗುವ ಲ್ಯಾಪ್‌ಟಾಪೂ ಹೆಚ್ಚುಕಡಿಮೆ ಅಂಗಡಿಯ ಮಾಲೇ. 1993ರಲ್ಲಿ ಹಬಲ್ ದೂರದರ್ಶಕದ ರಿಪೇರಿಗೆ ಹೊರಟ ಎಂಡೆವರ್ ನೌಕೆಯಲ್ಲಿ ಐಬಿಎಂ ಕಂಪನಿಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಇತ್ತು. ನಿಲ್ದಾಣಕ್ಕೂ ಮೊದಮೊದಲು ಥಿಂಕ್‌ಪ್ಯಾಡ್‌ಗಳೇ ಹೋದವು, ಆಮೇಲೆ ಎಚ್‌ಪಿ ಝಡ್‌ಬುಕ್ ಬಂತು. 2008ರಲ್ಲಿ ಅಲ್ಲಿನ ಲ್ಯಾಪ್‌ಟಾಪ್‌ಗಳಿಗೆ ವೈರಸ್ ಕೂಡ ತಗುಲಿತ್ತು. ಅದೂ ಆನ್‌ಲೈನ್ ಗೇಮ್ ಆಡುವವರ ಪಾಸ್‌ವರ್ಡ್ ಕದಿಯುವ ವೈರಸ್!

ನಿಲ್ದಾಣದೊಳಗಿನ ಗಾಳಿಯ ಒತ್ತಡ ನಮ್ಮ ಸಮುದ್ರಮಟ್ಟದಷ್ಟೇ. ಹಾಗಾಗಿ ಫ್ಯಾನ್ ಎಂದಿನಂತೆ ತಿರುಗುತ್ತದೆ. ತಕರಾರು ಇರುವುದು ಬಿಸಿಗಾಳಿಯದ್ದು. ನಮ್ಮಲ್ಲಿ ಕಾದ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ತಂಪು ಗಾಳಿ ನುಗ್ಗುತ್ತದೆ. ಫ್ಯಾನ್ ಇಲ್ಲದ ಟ್ಯಾಬ್ಲೆಟ್ ತಣ್ಣಗಾಗುವುದಕ್ಕೆ ಈ ಪುಕ್ಕಟೆ ಸೇವೆಯ ಪಾಲು ದೊಡ್ಡದು. ಅಲ್ಲಿ ತೂಕವೇ ತಿಳಿಯದಿರುವಾಗ ಹಗುರ ಯಾವುದು, ಭಾರ ಯಾವುದು? ಕಾದ ಗಾಳಿ ಯಂತ್ರಕ್ಕೇ ಅಂಟಿಕೊಂಡು ನಿಂತುಬಿಡುತ್ತದೆ. ಫ್ಯಾನ್ ಇಲ್ಲದ ಸಾಧನವಾದರೆ ನಿಲ್ದಾಣದ ವಾತಾಯನದಲ್ಲಿ ಬೀಸುವ ಗಾಳಿಯನ್ನೇ ನೆಚ್ಚಿಕೊಳ್ಳಬೇಕು. ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು, ಗಾಳಿಕಿಂಡಿ ಮುಚ್ಚಿ ಸಿನಿಮಾ ನೋಡುವವರು ಈ ಅವಸ್ಥೆಯನ್ನು ಭೂಮಿಯ ಮೇಲೇ ತಂದುಕೊಳ್ಳುತ್ತಾರೆ, ಅಷ್ಟೆ.

ವಿಕಿರಣದ ಕಾಟ ಬೇರೆ. ಭಾರೀ ಶಕ್ತಿಯ ಕಣಗಳು ಬಡಿದು ಮೆಮೊರಿಯಲ್ಲಿ ಸೊನ್ನೆ ಇದ್ದಲ್ಲಿ ಒಂದು ಆಗಿಬಿಡಬಹುದು. ಅಂಥ ತಪ್ಪು ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಆದರೆ ಅಲ್ಲಿನ ನಿಕಾನ್ ಕ್ಯಾಮೆರಾಗಳ ಸೆನ್ಸರಿಗೆ ಆದ ಗಾಯ ಹಾಗಲ್ಲ. ಕತ್ತಲ ಚಿತ್ರಗಳಲ್ಲಿ ಕೆಂಪು, ನೀಲಿ ಚುಕ್ಕೆಗಳಾಗಿ ಉಳಿದು, ದಿನ ಕಳೆದಂತೆ ಹೆಚ್ಚುತ್ತದೆ.

ಇನ್ನು ದೂಳು. ಅಲ್ಲಿ ಅದು ಕೆಳಗೆ ಕೂರುವುದೇ ಇಲ್ಲ. ತೇಲುತ್ತ ತೇಲುತ್ತ, ಗಾಳಿ ಎಳೆಯುವ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಶನಿವಾರ ಗಗನಯಾತ್ರಿಗಳೇ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಅದನ್ನು ಸ್ವಚ್ಛ ಮಾಡುತ್ತಾರೆ. ಕೈಜಾರಿದ ಸ್ಕ್ರೂ, ಪೆನ್ನು ಕಾಣದಿದ್ದರೂ ಹುಡುಕುವುದು ಆ ಜಾಲರಿಯ ಮೇಲೇ. ನನ್ನ ಬೆಂಚಿನಿಂದ ಉರುಳಿದ ಸ್ಕ್ರೂಗೆ ಮಾತ್ರ ಮಂಡಿಯೂರಿ, ಮೊಬೈಲ್ ಟಾರ್ಚ್ ಹಾಕಿ, ಬೀರುವಿನ ಕೆಳಗೆ ತಡಕಾಡಬೇಕು.